ಮಸಲ್ ಕಾರುಗಳ ಮರುಹುಟ್ಟು: ಹೆಸರಿಗೆ ತಕ್ಕ ವಾರಸುದಾರರೇ?

2023ರ ಡಿಸೆಂಬರ್ ತಿಂಗಳಲ್ಲಿ ಕೆನಡಾ ದೇಶದ ಬ್ರಾಂಪ್ಟನ್ ನಗರದ ಕಾರ್ಖಾನೆಯಿಂದ ಕೊನೆಯ ಡಾಡ್ಜ್ ಚಾಲೆಂಜರ್ ಕಾರು ಹೊರಬಂತು. ಅದೇ ತಿಂಗಳು ಅಮೆರಿಕದ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ ಷೆವ್ರೊಲೆ ಕಮಾರೊ ಕಾರಿನ ತಯಾರಿಕೆಯೂ ನಿಂತಿತು. ಈ ಎರಡು ಕಾರುಗಳಿಗೂ ಇದು ಮೊದಲ ಸಾವಲ್ಲ. ಚಾಲೆಂಜರ್ 1974ರಲ್ಲಿ, ಕಮಾರೊ 2002ರಲ್ಲಿ ಒಮ್ಮೆ ಕಣ್ಮುಚ್ಚಿ, ಈ ಶತಮಾನದ ಮೊದಲ ದಶಕದಲ್ಲಿ ಮತ್ತೆ ಹುಟ್ಟಿ ಬಂದಿದ್ದವು. ಅವುಗಳ ಎರಡನೇ ಜನ್ಮವೂ ಮುಗಿಯಿತು.

ಇದರ ಬೆನ್ನಿಗೇ ಡಾಡ್ಜ್ ಕಂಪನಿ ತನ್ನ ಮತ್ತೊಂದು ಹಳೆಯ ಹೆಸರನ್ನು ಹೊಸ ವಾಹನವೊಂದಕ್ಕೆ ಇಟ್ಟಿತು. 2024ರಲ್ಲಿ ಬಂದ ಚಾರ್ಜರ್ ಡೇಟೋನಾ ಬ್ಯಾಟರಿಯಿಂದ ಓಡುವ ಕಾರು. ಅದರಲ್ಲಿ ಪೆಟ್ರೋಲ್ ಎಂಜಿನ್ ಇಲ್ಲ. ಆದರೆ ಹಳೆಯ ಎಂಟು ಸಿಲಿಂಡರಿನ ಎಂಜಿನ್ನಿನ ಗುಡುಗನ್ನು ಹೋಲುವ ಸದ್ದು ಹೊರಡಿಸಲು ಪ್ರತ್ಯೇಕ ಧ್ವನಿಯಂತ್ರವಿದೆ. ಇದನ್ನು ಕೇಳಿ ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಹಿರಿಯರ ಹೆಸರಿಟ್ಟುಕೊಂಡು ಹಿರಿಯರಿಗೆ ಅವಮಾನ ಮಾಡಿದ್ದಾರೆ ಎಂಬುದು ಅವರ ದೂರು.

ಈ ದೂರು ನ್ಯಾಯವೇ? ಉತ್ತರಿಸುವ ಮೊದಲು ಈ ಕಾರುಗಳ ಪರಂಪರೆ ಎಂದರೆ ನಿಜಕ್ಕೂ ಏನು ಎಂಬುದನ್ನು ನೋಡಬೇಕು. ಅದು ಕಾರಿನ ಆಕಾರವೇ, ಸದ್ದೇ, ವೇಗವೇ? ಅಥವಾ ಇವೆಲ್ಲಕ್ಕೂ ಹಿಂದೆ ಇದ್ದ ಬೇರೆಯೇ ಒಂದು ಸಂಗತಿಯೇ?

ನಿಯಮ ಮುರಿದು ಹುಟ್ಟಿದ ಕಾರು

1960ರ ದಶಕದ ಆರಂಭದ ಅಮೆರಿಕವನ್ನು ಕಲ್ಪಿಸಿಕೊಳ್ಳಿ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಹುಟ್ಟಿದ ಮಕ್ಕಳು 1964ರ ಹೊತ್ತಿಗೆ ಹದಿನೆಂಟಕ್ಕೆ ಕಾಲಿಟ್ಟಿದ್ದರು. ಕೆಲಸಗಳಿಗೆ ಕೊರತೆ ಇರಲಿಲ್ಲ. ಒಂದು ಗ್ಯಾಲನ್ ಪೆಟ್ರೋಲಿಗೆ ಸುಮಾರು 30 ಸೆಂಟ್ ಬೆಲೆ. ಹೊಸ ಹೆದ್ದಾರಿಗಳು ದೇಶದ ಉದ್ದಗಲಕ್ಕೂ ಚಾಚಿಕೊಳ್ಳುತ್ತಿದ್ದವು. ಈ ಹುಡುಗರಿಗೆ ಅಪ್ಪಂದಿರ ಗಂಭೀರ ಕಾರು ಬೇಡವಾಗಿತ್ತು. ಯುರೋಪಿನ ದುಬಾರಿ ಸ್ಪೋರ್ಟ್ಸ್ ಕಾರು ಕೊಳ್ಳುವಷ್ಟು ಹಣವೂ ಇರಲಿಲ್ಲ.

ಜನರಲ್ ಮೋಟಾರ್ಸ್ ಸಮೂಹದ ಪಾಂಟಿಯಾಕ್ ವಿಭಾಗದಲ್ಲಿ ಆಗ ಜಾನ್ ಡಿಲೋರಿಯನ್ ಮುಖ್ಯ ಎಂಜಿನಿಯರ್. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕಿಂತ, ಅಂದರೆ ಸುಮಾರು 5.4 ಲೀಟರಿಗಿಂತ ದೊಡ್ಡ ಎಂಜಿನ್ ಇಡಬಾರದೆಂದು ಕಂಪನಿಯಲ್ಲಿ ನಿಯಮವಿತ್ತು. 1963ರ ಆರಂಭದಲ್ಲಿ ಕಂಪನಿ ತನ್ನ ವಿಭಾಗಗಳು ಕಾರ್ ರೇಸಿನಲ್ಲಿ ಭಾಗವಹಿಸುವುದನ್ನೂ ನಿಷೇಧಿಸಿತ್ತು. ಡಿಲೋರಿಯನ್ ಮತ್ತು ಸಹೋದ್ಯೋಗಿಗಳು ಒಂದು ಕಳ್ಳದಾರಿ ಕಂಡುಕೊಂಡರು. ಹೊಸ ಮಾದರಿಯ ಕಾರಿಗೆ ಮೇಲಿನವರ ಒಪ್ಪಿಗೆ ಬೇಕು. ಇರುವ ಮಾದರಿಗೆ ಗಿರಾಕಿ ಕೇಳಿದರೆ ಕೊಡುವ ಹೆಚ್ಚುವರಿ ಸಲಕರಣೆಗೆ ಅದು ಬೇಡ. ಹೀಗಾಗಿ ಟೆಂಪೆಸ್ಟ್ ಎಂಬ ಸಾಧಾರಣ ಕಾರಿಗೆ ದೊಡ್ಡ ಕಾರುಗಳಲ್ಲಿ ಬಳಸುತ್ತಿದ್ದ 389 ಘನ ಅಂಗುಲದ, ಸುಮಾರು 6.4 ಲೀಟರಿನ ಎಂಜಿನ್ ಇಟ್ಟು, ಅದನ್ನು ಸುಮಾರು 300 ಡಾಲರಿನ ಹೆಚ್ಚುವರಿ ಸಲಕರಣೆ ಎಂದು ಪಟ್ಟಿಯಲ್ಲಿ ಸೇರಿಸಿದರು. ಅದಕ್ಕೆ ಜಿಟಿಒ ಎಂದು ಹೆಸರಿಟ್ಟರು. ಇಟಲಿಯ ಫೆರಾರಿ ಕಂಪನಿಯ ರೇಸಿನ ಕಾರಿನಿಂದ ನೇರವಾಗಿ ಎತ್ತಿಕೊಂಡ ಹೆಸರು ಅದು!

ಮಾರಾಟ ವಿಭಾಗ ಐದು ಸಾವಿರ ಕಾರು ಹೋದರೆ ಹೆಚ್ಚು ಎಂದುಕೊಂಡಿತ್ತು. 1964ರಲ್ಲಿ ಮಾರಾಟವಾದದ್ದು 32,450. ನಿಯಮ ಮುರಿದವರನ್ನು ಶಿಕ್ಷಿಸುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದ ಕಂಪನಿಗಳು ಅದೇ ಜಾಡು ಹಿಡಿದವು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮೊದಲ ಜಿಟಿಒ ನೋಡಲು ಹೆಚ್ಚುಕಡಿಮೆ ಟೆಂಪೆಸ್ಟ್‌ನಂತೆಯೇ ಇತ್ತು. ಬಾನೆಟ್ ಮೇಲೆ ಎರಡು ಉಬ್ಬು, ಅಲ್ಲಲ್ಲಿ ಹೆಸರಿನ ಬಿಲ್ಲೆ, ಅಷ್ಟೇ. ಶಾಲಾ ಶಿಕ್ಷಕನೋ ಅಂಗಡಿಯ ಗುಮಾಸ್ತನೋ ಓಡಿಸುವ ಕಾರಿನ ಹೊಟ್ಟೆಯಲ್ಲಿ ಭಾರೀ ಎಂಜಿನ್ ಅಡಗಿತ್ತು. ಮಸಲ್ ಕಾರು, ಅಂದರೆ ‘ತೋಳ್ಬಲದ ಕಾರು’ ಎಂಬ ಜಾತಿ ಹುಟ್ಟಿದ್ದೇ ಹೀಗೆ: ಸಾಧಾರಣ ಮೈ, ಅಸಾಧಾರಣ ಎಂಜಿನ್, ದುಡಿಯುವ ಹುಡುಗನ ಸಂಬಳಕ್ಕೆ ಎಟುಕುವ ಬೆಲೆ.

ಅಗ್ಗದ ಗುಡುಗು

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಕಂಪನಿ ಮಸ್ಟಾಂಗ್ ಕಾರನ್ನು ಬಿಡುಗಡೆ ಮಾಡಿತು. ಅಮೆರಿಕದ ಬಯಲುಗಳಲ್ಲಿ ಅಲೆಯುವ ಕಾಡುಕುದುರೆಯ ಹೆಸರು ಅದು. ಕಾರಿನ ಹಿಂದಿದ್ದ ಮುಖ್ಯ ವ್ಯಕ್ತಿ ಲೀ ಅಯಕೋಕಾ. ಉದ್ದನೆಯ ಮೂತಿ, ಗಿಡ್ಡ ಬೆನ್ನು ನೋಡಿದರೆ ದುಬಾರಿ ಕಾರೆನಿಸುತ್ತಿತ್ತು. ಅಡಿಯಲ್ಲಿದ್ದದ್ದು ಫಾಲ್ಕನ್ ಎಂಬ ಅಗ್ಗದ ಸಂಸಾರಿ ಕಾರಿನ ಭಾಗಗಳು. ಆರಂಭದ ಬೆಲೆ 2,368 ಡಾಲರ್. ಮೊದಲ ಹನ್ನೆರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು, ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಕಾರು ತಯಾರಾದವು. ಬಲ್ಲವರು ಇದನ್ನು ಮಸಲ್ ಕಾರು ಎನ್ನದೆ ‘ಪೋನಿ ಕಾರು’ ಎಂದು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಜನರ ಬಾಯಲ್ಲಿ ಎರಡೂ ಒಂದೇ ಕುಟುಂಬ. ಇದಕ್ಕೆ ಎದುರಾಳಿಯಾಗಿ 1966ರ ಸೆಪ್ಟೆಂಬರ್‌ನಲ್ಲಿ ಕಮಾರೊ ಬಂತು. 1970ರ ಮಾದರಿಯಾಗಿ ಚಾಲೆಂಜರ್ ಬಂತು.

ಈ ಕುಟುಂಬದ ಸ್ವಭಾವವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು 1968ರ ಪ್ಲಿಮತ್ ರೋಡ್ ರನ್ನರ್. ಮಸಲ್ ಕಾರುಗಳ ಬೆಲೆ ಅಷ್ಟರಲ್ಲೇ ಏರತೊಡಗಿತ್ತು. ಪ್ಲಿಮತ್ ಎಂಜಿನಿಯರುಗಳು ಕಾರಿನಿಂದ ಒಳಾಂಗಣದ ಕಂಬಳಿ ಕಿತ್ತುಹಾಕಿದರು, ಬಿಡಿಬಿಡಿ ಆಸನಗಳ ಬದಲು ಉದ್ದನೆಯ ಬೆಂಚು ಹಾಕಿದರು, ಅಲಂಕಾರ ಕಡಿಮೆ ಮಾಡಿದರು. ಎಂಜಿನ್ನಿಗೆ ಮಾತ್ರ ಕೈ ಹಚ್ಚಲಿಲ್ಲ. 335 ಅಶ್ವಶಕ್ತಿಯ ಕಾರು 2,896 ಡಾಲರಿಗೆ ಸಿಕ್ಕಿತು. ಮಕ್ಕಳ ವ್ಯಂಗ್ಯಚಿತ್ರ ಸಿನಿಮಾದ ಓಟದ ಹಕ್ಕಿಯ ಹೆಸರು ಮತ್ತು ಚಿತ್ರ ಬಳಸಲು ವಾರ್ನರ್ ಬ್ರದರ್ಸ್ ಸಂಸ್ಥೆಗೆ 50 ಸಾವಿರ ಡಾಲರ್ ಕೊಟ್ಟು, ಕಾರಿನ ಹಾರ್ನ್ ಕೂಡ ಆ ಹಕ್ಕಿಯಂತೆ ‘ಬೀಪ್ ಬೀಪ್’ ಎನ್ನುವಂತೆ ಮಾಡಿದರು. ಮೊದಲ ವರ್ಷವೇ ಸುಮಾರು 45 ಸಾವಿರ ಕಾರು ಖರ್ಚಾದವು.

ಹೀಗೆ ನೋಡಿದರೆ ಹಳೆಯ ಮಸಲ್ ಕಾರು ಒಂದು ಯಂತ್ರ ಮಾತ್ರವಲ್ಲ, ಕಾರ್ಖಾನೆಗೂ ಸಾಮಾನ್ಯ ಯುವಕನಿಗೂ ನಡುವೆ ಆದ ಒಂದು ಒಪ್ಪಂದ. ‘ನಿನಗೆ ಸೊಗಸು, ನಾಜೂಕು ಕೊಡಲಾರೆ. ಶ್ರೀಮಂತನ ಕಾರನ್ನು ಸಿಗ್ನಲ್ ದೀಪದ ಬಳಿ ಹಿಂದೆ ಹಾಕುವ ಬಲವನ್ನು ನಿನ್ನ ಸಂಬಳದಲ್ಲಿ ಕೊಡುತ್ತೇನೆ’ ಎಂಬುದು ಆ ಒಪ್ಪಂದದ ಸಾರ.

ಮರೆತುಬಿಡುವ ಇನ್ನೊಂದು ಮುಖ

ನೆನಪು ಯಾವಾಗಲೂ ಸಿಹಿಯನ್ನು ಆರಿಸಿಕೊಳ್ಳುತ್ತದೆ. ಆ ಕಾಲದ ಕಾರುಗಳ ಇನ್ನೊಂದು ಮುಖವನ್ನೂ ಹೇಳದಿದ್ದರೆ ಇತಿಹಾಸವಾಗದು. 1964ರ ಜಿಟಿಒ ಕಾರಿಗೆ ನಾಲ್ಕೂ ಚಕ್ರಗಳಿಗೆ ಹಳೆಯ ಬಗೆಯ ಡ್ರಮ್ ಬ್ರೇಕ್. ಎರಡು ಸಲ ಜೋರಾಗಿ ಒತ್ತಿದರೆ ಕಾದು ಹಿಡಿತ ಕಳೆದುಕೊಳ್ಳುತ್ತಿದ್ದವು. ಟಯರುಗಳು ಎಂಜಿನ್ನಿನ ಬಲಕ್ಕೆ ತಕ್ಕವಾಗಿರಲಿಲ್ಲ. ನೇರ ರಸ್ತೆಯಲ್ಲಿ ಹುಲಿ, ತಿರುವಿನಲ್ಲಿ ಎತ್ತಿನ ಗಾಡಿ. 1966ರಲ್ಲಿ ಅಮೆರಿಕದ ರಸ್ತೆ ಅಪಘಾತಗಳಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ವರ್ಷವೇ ರಾಲ್ಫ್ ನೇಡರ್ ಅವರ ಪುಸ್ತಕ ಕಾರು ಕಂಪನಿಗಳ ನಿರ್ಲಕ್ಷ್ಯವನ್ನು ಬಯಲಿಗೆಳೆದಿತ್ತು. ವಾಹನ ಸುರಕ್ಷತೆಯ ರಾಷ್ಟ್ರೀಯ ಕಾನೂನು ಬಂದದ್ದು ಅದೇ 1966ರಲ್ಲಿ.

ಪ್ರಚಾರದಲ್ಲೂ ಅಂದು ಎಲ್ಲವೂ ಪ್ರಾಮಾಣಿಕವಾಗಿರಲಿಲ್ಲ. 1964ರಲ್ಲಿ ಒಂದು ಪ್ರಮುಖ ಕಾರು ಪತ್ರಿಕೆ ಜಿಟಿಒ ಕಾರನ್ನು ಪರೀಕ್ಷಿಸಿ, ಅದರ ವೇಗವನ್ನು ಹೊಗಳಿ ಬರೆಯಿತು. ಆ ಕಾರಿನಲ್ಲಿ ಪಟ್ಟಿಯಲ್ಲಿದ್ದ ಎಂಜಿನ್ನಿಗಿಂತ ದೊಡ್ಡದಾದ ಇನ್ನೊಂದು ಎಂಜಿನ್ ಇಡಲಾಗಿತ್ತೆಂದು ಜಿಟಿಒ ಪ್ರಚಾರದ ರೂವಾರಿ ಜಿಮ್ ವ್ಯಾಂಗರ್ಸ್ ದಶಕಗಳ ನಂತರ ಒಪ್ಪಿಕೊಂಡರು. ಅಂದರೆ ‘ಶುದ್ಧ’ವೆಂದು ನಾವಂದುಕೊಳ್ಳುವ ಮೂಲದಲ್ಲೇ ಕಣ್ಕಟ್ಟು ಬೆರೆತಿತ್ತು.

ಮೊದಲ ಸಾವು

1970ರಲ್ಲಿ ಈ ಓಟ ತುತ್ತತುದಿ ಮುಟ್ಟಿತು. ಆ ವರ್ಷದ ಷೆವ್ರೊಲೆ ಷೆವೆಲ್ ಕಾರಿನ ಒಂದು ಎಂಜಿನ್ನಿಗೆ ಕಂಪನಿ ಹೇಳಿಕೊಂಡ ಬಲ 450 ಅಶ್ವಶಕ್ತಿ. ನಾಲ್ಕೇ ವರ್ಷಗಳಲ್ಲಿ ಎಲ್ಲ ಮುಗಿದುಹೋಯಿತು. ಮುಗಿಸಿದ್ದು ಒಂದೇ ಶತ್ರುವಲ್ಲ.

ಮೊದಲು ಬಂದದ್ದು ವಿಮಾ ಕಂಪನಿಗಳು. ಎಳೆಯ ಪ್ರಾಯ ಮತ್ತು ದೊಡ್ಡ ಎಂಜಿನ್ ಸೇರಿದರೆ ಏನಾಗುತ್ತದೆಂದು ಅವುಗಳ ಲೆಕ್ಕದ ಪುಸ್ತಕ ಹೇಳುತ್ತಿತ್ತು. ವಿಮೆಯ ಕಂತು ಏರಿ ಹುಡುಗರ ಕೈಸುಟ್ಟಿತು. ಎರಡನೆಯದು 1970ರ ವಾಯು ಶುದ್ಧತೆ ಕಾಯ್ದೆ. ಸೀಸವಿಲ್ಲದ ಪೆಟ್ರೋಲಿಗೆ ಸಿದ್ಧವಾಗಲು 1971ರಿಂದಲೇ ಎಂಜಿನ್ನುಗಳ ಒತ್ತಡವನ್ನು ಇಳಿಸಲಾಯಿತು. ಬಲ ಕುಗ್ಗಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಸರಬರಾಜು ನಿಲ್ಲಿಸಿದಾಗ ಪೆಟ್ರೋಲ್ ಬಂಕುಗಳ ಮುಂದೆ ಉದ್ದುದ್ದ ಸಾಲು ಬೆಳೆಯಿತು. ಮರುವರ್ಷ ದೇಶಾದ್ಯಂತ ವೇಗದ ಮಿತಿ ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರ್. ಜಿಟಿಒ ಮತ್ತು ಚಾಲೆಂಜರ್ ಎರಡೂ 1974ರಲ್ಲಿ ಕೊನೆಗೊಂಡವು.

ಇಲ್ಲೊಂದು ತಾಂತ್ರಿಕ ಮಾತು. 1971ರವರೆಗೆ ಅಶ್ವಶಕ್ತಿಯನ್ನು ಅಳೆಯುತ್ತಿದ್ದದ್ದು ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಫ್ಯಾನು, ಹೊಗೆಕೊಳವೆ ಮುಂತಾದ ಹೊರೆಗಳಿಲ್ಲದೆ. 1972ರಿಂದ ಎಲ್ಲವನ್ನೂ ಜೋಡಿಸಿ ಅಳೆಯತೊಡಗಿದರು. ಆದ್ದರಿಂದ ಅಂದಿನ 325ನ್ನೂ ಇಂದಿನ 325ನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಇಂದಿನ ಅಶ್ವಶಕ್ತಿಯೇ ಹೆಚ್ಚು ತೂಕದ್ದು.

ಅನಂತರದ ವರ್ಷಗಳಲ್ಲಿ ಹೆಸರುಗಳು ಅನಾಥವಾದವು. 1978ರಲ್ಲಿ ಡಾಡ್ಜ್ ಕಂಪನಿ ಜಪಾನಿನ ಮಿತ್ಸುಬಿಷಿ ತಯಾರಿಸಿದ ನಾಲ್ಕು ಸಿಲಿಂಡರಿನ ಕಾರಿಗೆ ಚಾಲೆಂಜರ್ ಎಂದು ಹೆಸರಿಟ್ಟು ಮಾರಿತು. 1980ರ ದಶಕದಲ್ಲಿ ಚಾರ್ಜರ್ ಎಂಬ ಹೆಸರು ಪುಟ್ಟದೊಂದು ಕಾರಿಗೆ ಅಂಟಿತು. ಅಭಿಮಾನಿಗಳು ಇಂದಿಗೂ ಈ ಅಧ್ಯಾಯವನ್ನು ಎತ್ತುವುದಿಲ್ಲ.

ಮಸ್ಟಾಂಗ್ ಕಥೆ ಮಾತ್ರ ಬೇರೆ. 1974ರ ಮಾದರಿಯ ಎರಡನೇ ಮಸ್ಟಾಂಗ್ ಪಿಂಟೊ ಎಂಬ ಚಿಕ್ಕ ಕಾರಿನ ತಳಹದಿಯ ಮೇಲೆ ನಿಂತಿತ್ತು. ಆ ವರ್ಷ ಅದರಲ್ಲಿ ಎಂಟು ಸಿಲಿಂಡರಿನ ಎಂಜಿನ್ನೇ ಇರಲಿಲ್ಲ. ಅಭಿಮಾನಿಗಳು ಮೂಗು ಮುರಿದರೂ ಮೊದಲ ವರ್ಷ 3 ಲಕ್ಷ 85 ಸಾವಿರಕ್ಕೂ ಹೆಚ್ಚು ಕಾರು ತಯಾರಾದವು. ಪೆಟ್ರೋಲ್ ಇಲ್ಲದ ಕಾಲದಲ್ಲಿ ಸಾಮಾನ್ಯರಿಗೆ ಎಟುಕುವ ಚೆಲುವಾದ ಕಾರು ಅದಾಗಿತ್ತು. 1964ರ ಮಸ್ಟಾಂಗ್ ಮಾಡಿದ್ದೂ ಅದನ್ನೇ ಅಲ್ಲವೇ?

1980ರ ದಶಕದ ಕೊನೆಗೆ ಇನ್ನೊಂದು ಘಟನೆ ನಡೆಯಿತು. ಜಪಾನಿನ ಮಾಜ್ದಾ ಕಂಪನಿಯ ಕಾರಿನ ಆಧಾರದ ಮೇಲೆ, ಮುಂದಿನ ಚಕ್ರಗಳಿಂದ ಓಡುವ ಹೊಸ ಮಸ್ಟಾಂಗ್ ತರಲು ಫೋರ್ಡ್ ಸಿದ್ಧತೆ ನಡೆಸಿತ್ತು. ಸುದ್ದಿ ಹೊರಬೀಳುತ್ತಲೇ ಕಂಪನಿಗೆ ಅಭಿಮಾನಿಗಳ ಪ್ರತಿಭಟನೆಯ ಪತ್ರಗಳ ಮಳೆ ಸುರಿಯಿತು. ಕೊನೆಗೆ ಆ ಕಾರು ಪ್ರೋಬ್ ಎಂಬ ಬೇರೆ ಹೆಸರಿನಲ್ಲಿ ಬಂತು. ಹಳೆಯ ಮಸ್ಟಾಂಗ್ ಉಳಿಯಿತು. ಹೆಸರು ಕಂಪನಿಯ ಸ್ವತ್ತೇ ಇರಬಹುದು, ಅದರ ಮೇಲೆ ಜನರಿಗೂ ಹಕ್ಕಿದೆ ಎಂಬುದನ್ನು ಡೆಟ್ರಾಯಿಟ್ ಅಂದು ಕಲಿತುಕೊಂಡಿತು.

ಹಳೆಯ ಮುಖ, ಹೊಸ ಮೈ

1994ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ತನ್ನ ಹಳೆಯ ‘ಬೀಟಲ್’ ಕಾರನ್ನು ನೆನಪಿಸುವ ಪ್ರದರ್ಶನದ ಕಾರೊಂದನ್ನು ಮುಂದಿಟ್ಟಿತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜೆ. ಮೇಸ್ 1997ರಲ್ಲಿ ಫೋರ್ಡ್ ಕಂಪನಿ ಸೇರಿ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. ಹಳೆಯ ಆಕಾರಕ್ಕೆ ಹೊಸ ತಂತ್ರಜ್ಞಾನ ತುಂಬುವ ಅವರ ಧೋರಣೆಯ ದೊಡ್ಡ ಫಲವೇ 2005ರ ಮಸ್ಟಾಂಗ್. 1960ರ ದಶಕದ ಮಸ್ಟಾಂಗ್ ಕಾರಿನ ಮುಖ, ಇಳಿಜಾರಿನ ಬೆನ್ನು, ಮೂರು ಪಟ್ಟಿಯ ಹಿಂದೀಪ ಎಲ್ಲ ಮರಳಿ ಬಂದವು. ಈ ಕಾರಿನ ಮುಖ್ಯ ಎಂಜಿನಿಯರ್ ಹಾವ್ ಥಾಯ್-ಟಾಂಗ್ ಅಮೆರಿಕದಲ್ಲಿ ಹುಟ್ಟಿದವರಲ್ಲ. ಸೈಗಾನ್‌ನಲ್ಲಿ ಹುಟ್ಟಿ, 1975ರಲ್ಲಿ ಕುಟುಂಬದೊಂದಿಗೆ ವಿಯೆಟ್ನಾಂ ಬಿಟ್ಟು ಬಂದವರು. ಅಮೆರಿಕದ ಸೈನಿಕರಿಗೆ ತೋರಿಸಲು ತಂದಿದ್ದ ಮಸ್ಟಾಂಗ್ ಕಾರನ್ನು ಬಾಲ್ಯದಲ್ಲಿ ಅಲ್ಲಿಯೇ ಮೊದಲು ಕಂಡದ್ದೆಂದು ಅವರು ಹೇಳಿಕೊಂಡಿದ್ದಾರೆ.

ಯಶಸ್ಸು ಕಂಡ ಮೇಲೆ ಉಳಿದವರೂ ಬಂದರು. 2006ರ ಮಾದರಿಯಾಗಿ ಚಾರ್ಜರ್ ಬಂತು. ಅದಕ್ಕೆ ನಾಲ್ಕು ಬಾಗಿಲು ನೋಡಿ ಅಭಿಮಾನಿಗಳು ಕೆರಳಿದರು. 2008ರಲ್ಲಿ ಚಾಲೆಂಜರ್ ಬಂತು. 1970ರ ಕಾರನ್ನು ಗಾಳಿ ಊದಿ ಉಬ್ಬಿಸಿದಂತಿದ್ದ ಅದರ ರೂಪಕ್ಕೆ ಎಲ್ಲರೂ ತಲೆದೂಗಿದರು. 2009ರಲ್ಲಿ, 2010ರ ಮಾದರಿಯಾಗಿ, ಕಮಾರೊ ಬಂತು. ಅದರ ರೂಪ ಅಮೆರಿಕದ್ದಾದರೂ ತಳಹದಿ ರೂಪುಗೊಂಡದ್ದು ಆಸ್ಟ್ರೇಲಿಯದಲ್ಲಿ, ಆರಂಭದ ತಯಾರಿಕೆ ಕೆನಡಾದಲ್ಲಿ.

ಇಷ್ಟು ಹೊತ್ತಿಗೆ 1964ರಲ್ಲಿ ಹದಿನೆಂಟರ ಹರೆಯದಲ್ಲಿದ್ದ ಹುಡುಗ ಅರವತ್ತರ ಆಸುಪಾಸಿಗೆ ಬಂದಿದ್ದ ಎಂಬುದನ್ನು ಮರೆಯಬಾರದು. ಮಕ್ಕಳ ಓದು ಮುಗಿದಿತ್ತು, ಮನೆಯ ಸಾಲ ತೀರಿತ್ತು. ಅಂದು ಕೊಳ್ಳಲಾಗದ್ದನ್ನು ಅಥವಾ ಕೊಂಡು ಮಾರಿದ್ದನ್ನು ಇಂದು ಕೊಳ್ಳಬಲ್ಲವನಾಗಿದ್ದ. ಹೊಸ ಕಾರುಗಳು ಹೆಸರಿಗೆ ಯುವಕರದು. ಅವುಗಳ ಹಳೆಯ ಮುಖ ನೋಡಿ ಮನಸ್ಸು ಕರಗುತ್ತಿದ್ದದ್ದು ಅವರ ಅಪ್ಪಂದಿರಿಗೆ.

ಯಾರೂ ಗುರುತಿಸದ ಮಗ

ಈ ಮರುಹುಟ್ಟುಗಳ ನಡುವೆ ಸೋತುಹೋದ ಒಂದು ಕಾರಿನ ಕಥೆ ನಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುತ್ತದೆ. ಅದು 2004ರ ಪಾಂಟಿಯಾಕ್ ಜಿಟಿಒ.

ಜನರಲ್ ಮೋಟಾರ್ಸ್ ಕಂಪನಿಯ ಆಸ್ಟ್ರೇಲಿಯದ ಅಂಗ ಹೋಲ್ಡನ್ ಆಗ ಮೊನಾರೊ ಎಂಬ ಎರಡು ಬಾಗಿಲಿನ ಕಾರು ತಯಾರಿಸುತ್ತಿತ್ತು. ಅದರ ಚಾಲಕನ ಆಸನವನ್ನು ಎಡಕ್ಕೆ ತಂದು, ಹೊಸ ಮೂತಿ ಜೋಡಿಸಿ, 5.7 ಲೀಟರಿನ 350 ಅಶ್ವಶಕ್ತಿಯ ಎಂಜಿನ್ ಇಟ್ಟು ಜಿಟಿಒ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಕಳಿಸಿದರು. ಮರುವರ್ಷ ಎಂಜಿನ್ ಆರು ಲೀಟರಿನದಾಗಿ ಬಲ 400ಕ್ಕೆ ಏರಿತು. ಓಟದಲ್ಲಿ ಅದು ಹಳೆಯ ಜಿಟಿಒ ಕಾರನ್ನು ಸುಲಭವಾಗಿ ಮೀರಿಸುತ್ತಿತ್ತು. ಬ್ರೇಕು, ತಿರುವು, ಆಸನ ಎಲ್ಲದರಲ್ಲೂ ಮೇಲು.

ಆದರೂ ಕೊಳ್ಳುವವರು ಬರಲಿಲ್ಲ. ‘ಇದು ಸಪ್ಪೆಯಾಗಿದೆ, ಜಿಟಿಒ ತರಹ ಕಾಣುವುದೇ ಇಲ್ಲ’ ಎಂಬುದು ದೊಡ್ಡ ದೂರು. 2005ರಲ್ಲಿ ಬಾನೆಟ್ ಮೇಲೆ ಹಳೆಯ ಉಬ್ಬುಗಳನ್ನು ಕೂರಿಸಿ ನೋಡಿದರು. ಪ್ರಯೋಜನವಾಗಲಿಲ್ಲ. ಮೂರು ವರ್ಷಗಳಲ್ಲಿ ಸುಮಾರು 40 ಸಾವಿರ ಕಾರು ಬಂದು, 2006ಕ್ಕೆ ಕಥೆ ಮುಗಿಯಿತು. 2010ರಲ್ಲಿ ಪಾಂಟಿಯಾಕ್ ವಿಭಾಗವೇ ಮುಚ್ಚಿಹೋಯಿತು.

ಇದರಲ್ಲಿರುವ ವಿಪರ್ಯಾಸ ನೋಡಿ. ಸಪ್ಪೆಯಾದ ಸಾಧಾರಣ ಕಾರಿನ ಹೊಟ್ಟೆಯೊಳಗೆ ದೊಡ್ಡ ಎಂಜಿನ್ ಇಡುವುದೇ 1964ರ ಜಿಟಿಒ ಸೂತ್ರ. 2004ರ ಕಾರು ಮಾಡಿದ್ದು ಅದನ್ನೇ. ಕಂಪನಿಯ ಬೇರೊಂದು ಮೂಲೆಯಲ್ಲಿದ್ದ ಕಾರು ಎತ್ತಿಕೊಂಡು ಬೇರೊಂದು ಕಾರಿನ ಎಂಜಿನ್ ಹಾಕುವ ಜಾಣತನವೂ ಹಳೆಯದೇ. ಮಗ ಅಪ್ಪನ ಕೆಲಸವನ್ನೇ ಮಾಡುತ್ತಿದ್ದ, ಆದರೆ ಅಪ್ಪನ ಮುಖ ಹೊತ್ತು ಬಂದಿರಲಿಲ್ಲ. ಹಾಗಾಗಿ ಊರಿನವರು ಗುರುತಿಸಲಿಲ್ಲ. ಚಾಲೆಂಜರ್ ಕಾರಿಗೆ ಮುಖ ಅಪ್ಪನದೇ. ಅದನ್ನು ಅಪ್ಪಿಕೊಂಡರು.

ಆದರೆ ಒಂದು ವಿಷಯದಲ್ಲಿ 2004ರ ಜಿಟಿಒ ಕೂಡ ತಪ್ಪಿತು. ಅದರ ಬೆಲೆ 31 ಸಾವಿರ ಡಾಲರ್ ದಾಟಿತ್ತು. 1964ರ ಕಾರಿನ ಬೆಲೆಗೆ ಹಣದುಬ್ಬರ ಕೂಡಿಸಿದರೆ 20 ಸಾವಿರವನ್ನೂ ಮುಟ್ಟುವುದಿಲ್ಲ. ಸೂತ್ರ ಇತ್ತು, ಒಪ್ಪಂದ ಇರಲಿಲ್ಲ.

ಬೆಲೆಯ ತಕ್ಕಡಿ

ಈ ತಕ್ಕಡಿಯಲ್ಲಿ ಉಳಿದವರನ್ನೂ ತೂಗಬಹುದು. 2008ರ ಮೊದಲ ಚಾಲೆಂಜರ್ ಕಾರಿಗೆ ಸುಮಾರು 40 ಸಾವಿರ ಡಾಲರ್. 1970ರಲ್ಲಿ ಅದೇ ಹೆಸರಿನ ಬಲವಾದ ಮಾದರಿ ಮೂರು ಸಾವಿರ ಚಿಲ್ಲರೆ ಡಾಲರಿಗೆ ಸಿಗುತ್ತಿತ್ತು. 2008ರ ಲೆಕ್ಕದಲ್ಲಿ ಅದು ಸುಮಾರು 18 ಸಾವಿರ.

ಹಾಗೆಂದು ಎಲ್ಲರನ್ನೂ ದೂರುವಂತಿಲ್ಲ. 2005ರ ಮಸ್ಟಾಂಗ್ ಆರು ಸಿಲಿಂಡರಿನ ಮಾದರಿ 20 ಸಾವಿರ ಡಾಲರಿಗಿಂತ ಕಡಿಮೆಗೆ ಸಿಕ್ಕಿತು. 300 ಅಶ್ವಶಕ್ತಿಯ ಎಂಟು ಸಿಲಿಂಡರಿನದು 25 ಸಾವಿರದ ಆಸುಪಾಸು. ಬೆಲೆ ಹಿಡಿದಿಡಲು ಅದರ ಹಿಂದಿನ ಚಕ್ರಗಳ ನಡುವೆ ಹಳೆಯ ಕಾಲದ ಗಟ್ಟಿ ಅಚ್ಚನ್ನೇ ಉಳಿಸಿಕೊಂಡಿದ್ದರು. ನಾಜೂಕು ಬಿಟ್ಟು ಬಲ ಕೊಡುವ ಹಳೆಯ ಬುದ್ಧಿ! 2010ರ ಕಮಾರೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸುಮಾರು 23 ಸಾವಿರ ಡಾಲರಿಗೆ ಸಿಗುತ್ತಿದ್ದ ಅದರ ಆರು ಸಿಲಿಂಡರಿನ ಎಂಜಿನ್ನಿಗೆ 304 ಅಶ್ವಶಕ್ತಿ. ಅಳತೆಯ ವ್ಯತ್ಯಾಸ ಲೆಕ್ಕ ಹಾಕಿದರೆ 1964ರ ಜಿಟಿಒ ಎಂಜಿನ್ನಿಗಿಂತ ಹೆಚ್ಚಿನ ಬಲ, ಅದೂ ಗಾಳಿಚೀಲ, ಒಳ್ಳೆಯ ಬ್ರೇಕು, ಶುದ್ಧವಾದ ಹೊಗೆಯೊಂದಿಗೆ. ಅಭಿಮಾನಿಗಳು ‘ಆರು ಸಿಲಿಂಡರಿನದು ಮಸಲ್ ಕಾರೇ ಅಲ್ಲ’ ಎಂದು ಅದರತ್ತ ತಿರುಗಿಯೂ ನೋಡಲಿಲ್ಲ. ಪರಂಪರೆಯನ್ನು ನಿಜವಾಗಿ ಹೊತ್ತದ್ದು ಯಾರೂ ಚಿತ್ರ ಅಂಟಿಸಿಕೊಳ್ಳದ ಇಂಥ ಕಾರುಗಳೇ ಎಂದರೆ ತಪ್ಪಾಗಲಾರದು.

ಮುಂದಿನ ದಿನಗಳಲ್ಲಿ ದಾರಿ ಬೇರೆಯಾಯಿತು. 2015ರ ಮಾದರಿಯ ಹೆಲ್‌ಕ್ಯಾಟ್ ಚಾಲೆಂಜರ್ 707 ಅಶ್ವಶಕ್ತಿಯೊಂದಿಗೆ ಬಂತು. 2023ರಲ್ಲಿ ಬಂದ ಡೀಮನ್ 170 ಕಾರಿಗೆ ಎಥೆನಾಲ್ ಬೆರೆತ ಇಂಧನದಲ್ಲಿ 1,025 ಅಶ್ವಶಕ್ತಿ, ಬೆಲೆ 96,666 ಡಾಲರ್. ಕಂಪನಿ ಇದನ್ನು ಪರಂಪರೆಯ ಶಿಖರವೆಂದು ಕರೆಯಿತು. ಬಲದ ಲೆಕ್ಕದಲ್ಲಿ ನಿಜ. ಆದರೆ ಲಕ್ಷದ ಹತ್ತಿರದ ಬೆಲೆಯ ಕಾರು ರೋಡ್ ರನ್ನರ್ ವಂಶದ್ದೆಂದು ಹೇಗೆ ಒಪ್ಪುವುದು? ಅದನ್ನು ಕೊಂಡವರಲ್ಲಿ ಹಲವರು ಓಡಿಸಲಿಕ್ಕಲ್ಲ, ಮುಚ್ಚಿಟ್ಟು ಬೆಲೆ ಏರಲು ಕಾಯಲಿಕ್ಕೆ ಕೊಂಡರು. ಹಳೆಯ ಮೂಲ ಕಾರುಗಳಿಗೂ ಅದೇ ಗತಿ. ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ್ದ 1968ರ ಮಸ್ಟಾಂಗ್ 2020ರ ಜನವರಿಯಲ್ಲಿ ಹರಾಜಿಗೆ ಬಂದಾಗ ಕೂಗು ನಿಂತದ್ದು 34 ಲಕ್ಷ ಡಾಲರಿಗೆ.

ಮಸ್ಟಾಂಗ್ ಕೂಡ ಈ ಏರಿಕೆಯಿಂದ ತಪ್ಪಿಸಿಕೊಳ್ಳಲಿಲ್ಲ. 1964ರ 2,368 ಡಾಲರ್ 2024ರ ಲೆಕ್ಕದಲ್ಲಿ ಸುಮಾರು 24 ಸಾವಿರ. ಆ ವರ್ಷ ಅತಿ ಅಗ್ಗದ ಮಸ್ಟಾಂಗ್ ಬೆಲೆ 30 ಸಾವಿರ ದಾಟಿತ್ತು, ಎಂಟು ಸಿಲಿಂಡರಿನದು 40 ಸಾವಿರ ದಾಟಿತ್ತು. 2016ರಲ್ಲಿ ಮಸ್ಟಾಂಗ್ ಮೊದಲ ಬಾರಿ ಅಧಿಕೃತವಾಗಿ ಭಾರತಕ್ಕೆ ಬಂದಾಗ ದೆಹಲಿಯಲ್ಲಿ ಅದರ ಷೋರೂಂ ಬೆಲೆ 65 ಲಕ್ಷ ರೂಪಾಯಿ. ಗುಮಾಸ್ತನಿಗಾಗಿ ಹುಟ್ಟಿದ ಕುದುರೆ ಇಲ್ಲಿಗೆ ಬರುವಾಗ ಶ್ರೀಮಂತರ ಲಾಯ ಸೇರಿತ್ತು.

ಸದ್ದಿನ ಪ್ರಶ್ನೆ

ಈಗ ವಿದ್ಯುತ್ ಚಾರ್ಜರ್ ಕಾರಿನ ಗುಡುಗಿಗೆ ಬರೋಣ. ಅದರ ಧ್ವನಿಯಂತ್ರ 126 ಡೆಸಿಬೆಲ್ ಸದ್ದು ಮಾಡಬಲ್ಲದೆಂದು ಕಂಪನಿ ಹೇಳಿಕೊಂಡಿತು. ಬಲವಾದ ಮಾದರಿಗೆ 670 ಅಶ್ವಶಕ್ತಿ, ತೂಕ 2,600 ಕಿಲೋಗಿಂತ ಹೆಚ್ಚು. ನಕಲಿ ಸದ್ದು ಪರಂಪರೆಗೆ ದ್ರೋಹ ಎನ್ನುವವರು ರೋಡ್ ರನ್ನರ್ ಹಾರ್ನನ್ನು ನೆನಪಿಸಿಕೊಳ್ಳಬೇಕು. ಪರರ ಕಥೆಯ ಹಕ್ಕಿಯನ್ನು 50 ಸಾವಿರ ಡಾಲರ್ ಕೊಟ್ಟು ತಂದು, ಅದರ ಕೂಗನ್ನು ಕಾರಿಗೆ ಕಟ್ಟಿದವರು ಈ ಪರಂಪರೆಯ ಹಿರಿಯರೇ. ಪತ್ರಿಕೆಯವರ ಕೈಗೆ ಬೇರೆ ಎಂಜಿನ್ನಿನ ಕಾರು ಕೊಟ್ಟವರೂ ಹಿರಿಯರೇ. ನಾಟಕ ಈ ಕುಟುಂಬಕ್ಕೆ ಹೊಸದಲ್ಲ. ಅಂದಿನ ನಾಟಕದ ಟಿಕೆಟ್ಟು ಮೂರು ಸಾವಿರ ಡಾಲರಿನೊಳಗಿತ್ತು ಎಂಬುದೇ ವ್ಯತ್ಯಾಸ.

ಹೆಸರುಗಳ ಆಟವೂ ಮುಂದುವರಿದಿದೆ. 1969ರಲ್ಲಿ ‘ಸಿಕ್ಸ್ ಪ್ಯಾಕ್’ ಎಂದರೆ ದೊಡ್ಡ ಎಂಟು ಸಿಲಿಂಡರಿನ ಎಂಜಿನ್ ಮೇಲೆ ಕೂರಿಸಿದ, ಒಟ್ಟು ಆರು ಬಾಯಿಗಳ ಮೂರು ಕಾರ್ಬ್ಯುರೇಟರುಗಳು. ವಿದ್ಯುತ್ ಚಾರ್ಜರ್ ನಿರೀಕ್ಷೆಯಂತೆ ಮಾರಾಟವಾಗದೆ, ಅದರ ಜೊತೆಗೆ ಬಂದ ಪೆಟ್ರೋಲ್ ಮಾದರಿಗೂ ಅದೇ ಹೆಸರು. ಇಲ್ಲಿ ಆರು ಎಂದರೆ ಸಿಲಿಂಡರುಗಳ ಸಂಖ್ಯೆ, ಬಲ 550 ಅಶ್ವಶಕ್ತಿಯವರೆಗೆ. ಇತ್ತ ಫೋರ್ಡ್ 2019ರಲ್ಲಿ ನಾಲ್ಕು ಬಾಗಿಲಿನ ಎತ್ತರದ ವಿದ್ಯುತ್ ಕಾರೊಂದಕ್ಕೆ ಮಸ್ಟಾಂಗ್ ಮ್ಯಾಕ್-ಇ ಎಂದು ಹೆಸರಿಟ್ಟಿತು. ಪತ್ರಗಳ ಮಳೆ ಸುರಿಸಿದ ತಲೆಮಾರು ಮತ್ತೆ ಗೊಣಗಿತು. ಆದರೆ 2024ರಲ್ಲಿ ಅಮೆರಿಕದಲ್ಲಿ ಮೂಲ ಮಸ್ಟಾಂಗ್‌ಗಿಂತ ಹೆಚ್ಚು ಮಾರಾಟವಾದದ್ದು ಅದೇ.

ಹಾಗಾದರೆ ಮರುಹುಟ್ಟುಗಳು ಪರಂಪರೆಯನ್ನು ಗೌರವಿಸಿದವೇ? ಎಂಜಿನಿಯರಿಂಗ್ ದೃಷ್ಟಿಯಿಂದ ಗೌರವಿಸಿದವು, ಹಿರಿಯರ ತಪ್ಪುಗಳನ್ನೂ ತಿದ್ದಿದವು. ಇಂದಿನ ಕಾರು ನಿಲ್ಲುತ್ತದೆ, ತಿರುಗುತ್ತದೆ, ಒಳಗಿದ್ದವರನ್ನು ಕಾಪಾಡುತ್ತದೆ. ತಪ್ಪನ್ನು ತಿದ್ದುವುದೂ ಹಿರಿಯರಿಗೆ ಸಲ್ಲಿಸುವ ಗೌರವವೇ. ರೂಪದ ದೃಷ್ಟಿಯಿಂದಲೂ ಗೌರವಿಸಿದವು, ಕೆಲವೊಮ್ಮೆ ಅತಿಯಾಗಿ. ಆದರೆ ಒಪ್ಪಂದದ ದೃಷ್ಟಿಯಿಂದ ಕೆಲವೇ ಕೆಲವು ಕಾರುಗಳು ಮಾತ್ರ ಮಾತು ಉಳಿಸಿಕೊಂಡವು, ಅವೂ ಹೆಚ್ಚು ದಿನ ಬಾಳಲಿಲ್ಲ.

ಇದರ ಪರಿಣಾಮ ಭಾವನೆಗಷ್ಟೇ ಸೀಮಿತವಲ್ಲ. ಹದಿನೆಂಟರ ಹುಡುಗನಿಗೆ ಎಟುಕದ ಕಾರಿಗೆ ನಲವತ್ತು ವರ್ಷಗಳ ನಂತರ ಅದನ್ನು ನೆನೆಯುವ ಅರವತ್ತರ ಗಿರಾಕಿ ಇರುವುದಿಲ್ಲ. 1964ರ ಕಂಪನಿಗಳು ಅಗ್ಗದ ಕಾರಿನ ಜೊತೆಗೆ ಮುಂದಿನ ಅರ್ಧ ಶತಮಾನದ ನೆನಪನ್ನೂ ಬಿತ್ತಿದ್ದವು. ಮರುಹುಟ್ಟಿನ ಕಾರುಗಳು ಆ ಬೆಳೆಯನ್ನು ಕೊಯ್ದವು. ಹೊಸದಾಗಿ ಬಿತ್ತಿದ್ದು ಕಡಿಮೆ. ಮುಂದೊಂದು ದಿನ ಎಲ್ಲೋ ಒಬ್ಬ ಎಂಜಿನಿಯರ್ ಕಂಪನಿಯ ನಿಯಮ ಮುರಿದು ಅತಿ ಸಾಧಾರಣವಾದ, ಬಹುಶಃ ಸದ್ದೇ ಇಲ್ಲದ ಅಗ್ಗದ ಕಾರೊಂದಕ್ಕೆ ಅದಕ್ಕೆ ಮೀರಿದ ಬಲ ತುಂಬಿ ಹುಡುಗರ ಕೈಗೆ ಕೊಟ್ಟಾನು. ಅದಕ್ಕೆ ಹಳೆಯ ಹೆಸರೂ ಇರಲಿಕ್ಕಿಲ್ಲ, ಹಳೆಯ ಮುಖವೂ ಇರಲಿಕ್ಕಿಲ್ಲ. ಜಿಟಿಒ ವಂಶದ ನಿಜವಾದ ವಾರಸುದಾರ ಅದೇ ಆದೀತು.